ಮೂರನೇ ಚರಕದ ಹಾಡು

1962ನೇ ಇಸವಿ ಆಗಸ್ಟ್ 14, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕೈಗಡಿಯಾರ ನೋಡಿ ಆಗಲೇ ಬರೆದುಕೊಂಡದ್ದರಿಂದ ಇದರಲ್ಲಿ ಒಂದೆರಡು ನಿಮಿಷದ ವ್ಯತ್ಯಾಸವೂ ಇರಲಾರದು. ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ, ಹಾಡುಹಗಲಿನಲ್ಲಿ, ನನ್ನನ್ನೂ ಸೇರಿಸಿ ಹದಿನೇಳು ಜನರ ಎದುರಿಗೆ ನಡೆದ ಸಂಗತಿ ಇದು. ಆರು ವರ್ಷವಾಯಿತು. ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ.

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನು. ನಗರಗೆರೆಯಲ್ಲಿ ನಮ್ಮದು ಬೇಸಾಯದ ಮನೆ. ಹಲ್ಲಿ ಲೊಚಗುಟ್ಟಿದರೆ ನಮ್ಮ ಅಜ್ಜಿ ಹೊರಟ ಕೆಲಸ ನಿಲ್ಲಿಸಿಬಿಡುತ್ತಿದ್ದರು. ಹೈಸ್ಕೂಲಿನಲ್ಲಿದ್ದಾಗ ನಾನು ಎರಡು ತಿಂಗಳು ಹಲ್ಲಿಯ ಲೆಕ್ಕ ಇಟ್ಟೆ. ನಲವತ್ತಮೂರು ಸಲ ಲೊಚಗುಟ್ಟಿತ್ತು. ಅಜ್ಜಿ ಹೇಳಿದಂತೆ ಆದದ್ದು ಮೂರು ಸಲ. ಪುಸ್ತಕ ತಂದು ತೋರಿಸಿದೆ. "ಆ ಮೂರು ಸಾಲ್ದೇನೋ ನಿಂಗೆ?" ಎಂದು ಅಜ್ಜಿ ಒಳಗೆ ಹೋದರು. ಅವರನ್ನು ಗೆದ್ದೆನೆಂದು ಬಹಳ ಕಾಲ ಅಂದುಕೊಂಡಿದ್ದೆ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ, 1960ರ ಜೂನ್ ತಿಂಗಳಲ್ಲಿ, ಶಿಡ್ಲಘಟ್ಟದಲ್ಲಿ ಗಫೂರ್ ಸಾಹೇಬರ ಶೆಡ್ಡಿಗೆ ಬರೆಯುವ ಕೆಲಸಕ್ಕೆ ಸೇರಿದೆ. ಉದ್ದನೆಯ ಹೆಂಚಿನ ಶೆಡ್ಡು. ಎಂಟು ಚರಕಗಳು, ಎಂಟು ಒಲೆಗಳು. ಪ್ರತಿ ಚರಕಕ್ಕೂ ಇಬ್ಬರು ಹೆಂಗಸರು. ಒಬ್ಬರು ಕುದಿಯುವ ನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಹುಡುಕಿ ಕೊಡುತ್ತಾರೆ, ಇನ್ನೊಬ್ಬರು ಚಕ್ರ ತಿರುಗಿಸಿ ನೂಲು ಸುತ್ತುತ್ತಾರೆ. ಎಳೆ ಹರಿದರೆ ಚಕ್ರ ನಿಲ್ಲುತ್ತದೆ. ತುದಿ ಹುಡುಕಿ ಸೇರಿಸಿದ ಮೇಲೆ ಮತ್ತೆ ತಿರುಗುತ್ತದೆ. ಯಾವ ಚರಕದಲ್ಲಿ ಎಷ್ಟು ಸಲ ಎಳೆ ಹರಿಯಿತು ಎಂದು ಗೀಟು ಹಾಕುವುದು ನನ್ನ ಕೆಲಸಗಳಲ್ಲೊಂದು. ಯಾವ ಊರಿನ ಗೂಡು ಗಟ್ಟಿ, ಯಾವುದು ಪೊಳ್ಳು ಎಂದು ಸಾಹೇಬರಿಗೆ ಅದರಿಂದ ತಿಳಿಯುತ್ತಿತ್ತು. ನಾನು ಗೀಟಿನ ಪಕ್ಕದಲ್ಲಿ ಗಂಟೆ ನಿಮಿಷವನ್ನೂ ಬರೆಯುತ್ತಿದ್ದೆ. ಸಾಹೇಬರು ಅದನ್ನು ಕೇಳಿರಲಿಲ್ಲ. ಅದು ನನ್ನ ಸ್ವಭಾವ.

ಮೂರನೇ ಚರಕದಲ್ಲಿ ಎಳೆ ಹುಡುಕುತ್ತಿದ್ದವರು ರತ್ನಕ್ಕ. ಆಗ ಅವರಿಗೆ ನಲವತ್ತೈದರ ಆಸುಪಾಸು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ, ತಮ್ಮನ ಮನೆಯಲ್ಲಿದ್ದರು. ಅವರ ಚಕ್ರ ತಿರುಗಿಸುತ್ತಿದ್ದವರು ಹುಸೇನ್‌ಬೀ. ಇಬ್ಬರೂ ಹದಿನಾಲ್ಕು ವರ್ಷ ಒಂದೇ ಚರಕದಲ್ಲಿದ್ದವರು.

ಇನ್ನು ಹಾಡು. ಅದು ತೆಲುಗು ಸಿನಿಮಾದ ಹಾಡು. ನಮ್ಮ ಕಡೆ ತೆಲುಗನ್ನು ಯಾರೂ ಪರಭಾಷೆ ಎಂದುಕೊಳ್ಳುವುದಿಲ್ಲ. ಊರ ಹೊರಗಿನ ಟೆಂಟ್ ಸಿನಿಮಾದಲ್ಲಿ ಆಟ ಶುರುವಾಗುವ ಮೊದಲು ದಿನವೂ ಅದೇ ರೆಕಾರ್ಡು ಹಾಕುತ್ತಿದ್ದರು. ಗಂಡ ದೂರದ ಊರಿಗೆ ಹೊರಟಿದ್ದಾನೆ, ಗಾಡಿ ಕಟ್ಟಿದೆ. ಹೆಂಡತಿ ಬಾಗಿಲಲ್ಲಿ ನಿಂತು, ಹೋಗುವುದಾದರೆ ಹೋಗು, ಆದರೆ ಆ ತಿರುವಿನಲ್ಲಿ ಒಂದು ಸಲ ನಿಲ್ಲು ಎಂದು ಕೇಳುತ್ತಾಳೆ. ಇಷ್ಟೇ ಹಾಡು. ರೆಕಾರ್ಡಿನಲ್ಲಿ ಹಾಡಿದಾಕೆ ಹೆಸರುವಾಸಿ ಗಾಯಕಿ. 'ನಿಲ್ಲು' ಎನ್ನುವ ಮಾತಿಗೆ ಬಂದಾಗ ದನಿಯನ್ನು ಮೇಲಕ್ಕೇರಿಸಿ ಅಲ್ಲೇ ಹಿಡಿದು ನಿಲ್ಲಿಸುತ್ತಿದ್ದಳು. ಟೆಂಟಿನ ನೆಲದ ಮೇಲೆ ಕೂತವರು ಶಿಳ್ಳೆ ಹೊಡೆಯುತ್ತಿದ್ದರು. ನಾನೂ ಹೊಡೆದಿದ್ದೇನೆ.

ರತ್ನಕ್ಕ ಇದೇ ಹಾಡನ್ನು ಕೆಲಸದ ನಡುವೆ ಹೇಳುತ್ತಿದ್ದರು. ಮಾತು ಅದೇ, ಮಟ್ಟು ಅದೇ. ಆದರೆ ಬೇಗ ಬೇಗ ಓಡುವ ಆ ಹಾಡನ್ನು ಅವರು ಚಕ್ರದ ವೇಗಕ್ಕೆ ಇಳಿಸಿಬಿಟ್ಟಿದ್ದರು. ರೆಕಾರ್ಡಿನಲ್ಲಿ ಪಿಟೀಲು ಬರುವ ಕಡೆ ಅವರು ಬಾಯಿ ಮುಚ್ಚಿ ಚಕ್ರ ನಾಲ್ಕು ಸುತ್ತು ತಿರುಗುವವರೆಗೆ ಸುಮ್ಮನಿರುತ್ತಿದ್ದರು. 'ನಿಲ್ಲು' ಎನ್ನುವ ಕಡೆ ದನಿಯನ್ನು ಏರಿಸುತ್ತಿರಲಿಲ್ಲ, ಕೆಳಕ್ಕೆ ಇಳಿಸುತ್ತಿದ್ದರು. ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವಷ್ಟು. ರೆಕಾರ್ಡಿನ ಹೆಂಗಸು ಗಂಡನಿಗೆ ಕೇಳಿಸಲಿ ಎಂದು ಕೂಗುತ್ತಾಳೆ. ರತ್ನಕ್ಕನ ಹೆಂಗಸಿಗೆ ಗಾಡಿ ಆಗಲೇ ತಿರುವು ದಾಟಿದ್ದು ಗೊತ್ತಿದೆ. ಮೊದಲ ಸಲ ಕೇಳಿದ ದಿನ ನಾನು ಒಂದು ಪುಟದಲ್ಲಿ ಗೀಟು ಹಾಕುವುದನ್ನೇ ಮರೆತಿದ್ದೆ. ಆ ಪುಟ ಈಗಲೂ ಇದೆ.

ಅವರಿಗೊಂದು ಅಭ್ಯಾಸವಿತ್ತು. ಎಳೆ ಹರಿದು ಚಕ್ರ ನಿಂತರೆ, ಪದದ ನಡುವೆಯಾದರೂ ಸರಿ, ಹಾಡು ನಿಲ್ಲುತ್ತಿತ್ತು. ತುದಿ ಸೇರಿಸಿ ಚಕ್ರ ತಿರುಗಿದೊಡನೆ, ಬಿಟ್ಟ ಅಕ್ಷರದಿಂದಲೇ ಮುಂದಕ್ಕೆ ಹೋಗುತ್ತಿತ್ತು. ನಡುವೆ ಎರಡು ನಿಮಿಷ ಕಳೆದಿದ್ದರೂ ಶ್ರುತಿ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ನನ್ನ ದಿನಚರಿಯ ಪ್ರಕಾರ, 1962ರ ಫೆಬ್ರವರಿ 27ರವರೆಗೆ ನಾನು ರೆಕಾರ್ಡನ್ನು ಕೇಳಿದ್ದು ಅರವತ್ತೊಂದು ಸಲ, ರತ್ನಕ್ಕನದನ್ನು ಮೂವತ್ತೆಂಟು ಸಲ. ಅವರು ಹಾಡಿದ್ದು ಅದೇ ಕಡೆಯ ದಿನ.

ಮಾರ್ಚಿನಲ್ಲಿ ಅವರ ದನಿ ಒಡೆಯಿತು. ಆವಿ ಕುಡಿದು ಹಾಗಾಯಿತು ಎಂದರು. ಶುಂಠಿ, ಅತಿಮಧುರ ಎಲ್ಲ ಆಯಿತು. ಏಪ್ರಿಲ್ ಹೊತ್ತಿಗೆ ಪಿಸುಮಾತು ಮಾತ್ರ ಉಳಿಯಿತು. ಚಿಕ್ಕಬಳ್ಳಾಪುರದ ಒಬ್ಬ ಡಾಕ್ಟರು ನೋಡಿ, ಗಂಟಲೊಳಗೆ ಗಡ್ಡೆಯಿದೆ, ಬೇಗ ಬಂದಿದ್ದೀರಿ, ತಪ್ಪದೆ ವಾರಕ್ಕೊಂದು ಸಲ ಬಂದು ಸೂಜಿ ಹಾಕಿಸಿಕೊಂಡರೆ ಹೋಗಲಾಡಿಸಬಹುದು ಎಂದರಂತೆ. ದನಿ ಬರುತ್ತದೆಯೇ ಎಂದು ರತ್ನಕ್ಕ ಕೇಳಿದ್ದಕ್ಕೆ, ಬರಬಹುದು ಎಂದರಂತೆ. ಏಪ್ರಿಲ್ 19ರಿಂದ ಆಗಸ್ಟ್ 9ರವರೆಗೆ ಹದಿನೇಳು ಗುರುವಾರ ಅವರು ಒಂದೂ ಬಿಡದೆ ಬಸ್ಸು ಹತ್ತಿದರು.

"ಏನಕ್ಕಾ, ಕಂಡಕ್ಟರ್ ಮ್ಯಾಲೆ ಮನಸ್ಸಾಗೈತಾ? ಒಂದು ಗುರುವಾರಾನೂ ಬಿಡಲ್ವಲ್ಲ!" ಎಂದು ಹುಸೇನ್‌ಬೀ ರೇಗಿಸುತ್ತಿದ್ದರು. ರತ್ನಕ್ಕ ಬಿಸಿನೀರಿನಲ್ಲಿ ಬೆರಳದ್ದಿ ಅವರ ಮೇಲೆ ಚಿಮುಕಿಸುತ್ತಿದ್ದರು. ಒಂದು ದಿನ ನನ್ನನ್ನು ಹತ್ತಿರ ಕರೆದು ಪಿಸುಮಾತಿನಲ್ಲಿ ಹೇಳಿದರು: "ಅನ್ನ ಇಳೀತದೆ, ಕೆಲ್ಸಕ್ಕೆ ಮಾತು ಬೇಕಿಲ್ಲ. ಆ ಹಾಡಿಗೋಸ್ಕರ ಹೋಗ್ತಿದ್ದೀನಿ ಕಣೋ ರೈಟರಪ್ಪ. ಅದಿನ್ನೂ ನಂಗೆ ಸರಿಯಾಗಿ ಬಂದಿಲ್ಲ."

ಈಗ ಆಗಸ್ಟ್ 14ಕ್ಕೆ ಬರುತ್ತೇನೆ. ಬೆಳಗಿನಿಂದ ತುಂತುರು ಮಳೆ. ಆವಿ ಹೊರಗೆ ಹೋಗದೆ ಶೆಡ್ಡಿನೊಳಗೇ ನಿಂತಿತ್ತು. ಬಾಗಿಲ ಬಳಿಯ ನನ್ನ ಮೇಜಿನಿಂದ ನಾಲ್ಕನೇ ಚರಕದ ಆಚೆಗೆ ಏನೂ ಕಾಣುತ್ತಿರಲಿಲ್ಲ. ಹತ್ತು ಇಪ್ಪತ್ತಕ್ಕೆ ಹಾಡು ಕೇಳಿಸಿತು. ನನಗೆ ಮೊದಲು ಆಶ್ಚರ್ಯವಾಗಲಿಲ್ಲ, ಸಂತೋಷವಾಯಿತು. ರತ್ನಕ್ಕನ ದನಿ ಬಂತು ಎಂದುಕೊಂಡು ದಿನಚರಿಯಲ್ಲಿ ಮೂವತ್ತೊಂಬತ್ತು ಎಂದು ಬರೆದೇಬಿಟ್ಟೆ. ಬರೆದು ಎದ್ದು ಮೂರನೇ ಚರಕದ ಹತ್ತಿರ ಹೋದೆ.

ರತ್ನಕ್ಕನ ಬಾಯಿ ಮುಚ್ಚಿತ್ತು. ಕೊರಳಿಗೆ ಸುತ್ತಿದ ಬಟ್ಟೆ ಹಾಗೇ ಇತ್ತು. ಕೈ ಗೂಡಿನ ಮೇಲೆ ಆಡುತ್ತಿತ್ತು, ಕಣ್ಣು ಶೆಡ್ಡಿನ ಆಚೆ ತುದಿಯ ಕಡೆಗಿತ್ತು. ಹಾಡು ನಡೆಯುತ್ತಲೇ ಇತ್ತು. ಹುಸೇನ್‌ಬೀ ಚಕ್ರ ತಿರುಗಿಸುತ್ತಾ ರತ್ನಕ್ಕನ ತುಟಿಯನ್ನೇ ನೋಡುತ್ತಿದ್ದರು.

ರತ್ನಕ್ಕ ನನ್ನನ್ನು ನೋಡಿ ಪಿಸುಗುಟ್ಟಿದರು. "ಯಾರಪ್ಪ ಅದು? ಎಂಟನೇ ಚರಕಕ್ಕೆ ಹೊಸಬ್ಳು ಬಂದವ್ಳಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹುಸೇನ್‌ಬೀ ತುಟಿಯ ಮೇಲೆ ಬೆರಳಿಟ್ಟರು. ಶೆಡ್ಡಿನ ಹೆಂಗಸರಲ್ಲಿ ಒಂದು ನಂಬಿಕೆ ಇತ್ತು. ಹಿಂದೂಗಳಲ್ಲೂ ಇತ್ತು, ಮುಸಲ್ಮಾನರಲ್ಲೂ ಇತ್ತು. ಬದುಕಿರುವವರ ದನಿ ಅವರನ್ನು ಬಿಟ್ಟು ಬೇರೆ ಕಡೆ ಕೇಳಿಸಿದರೆ ಅದನ್ನು ಅವರಿಗೆ ಹೇಳಬಾರದು. ಹೇಳಿದರೆ ದನಿಯ ಹಿಂದೆಯೇ ಅವರೂ ಹೋಗಿಬಿಡುತ್ತಾರೆ. ನಾನು ಈ ಮಾತನ್ನು ಹಲ್ಲಿಯ ಲೆಕ್ಕದ ಜೊತೆಗೇ ಇಟ್ಟಿದ್ದವನು. ಆದರೂ ಆ ಹೊತ್ತಿನಲ್ಲಿ, "ಗೊತ್ತಿಲ್ಲ ರತ್ನಕ್ಕ" ಎಂದೆ.

"ಚೆನ್ನಾಗಿ ಹಾಡ್ತಾಳೆ" ಎಂದರು. "ನಿಲ್ಲು ಅನ್ನೋ ಕಡೆ ಹೆಂಗೆ ಇಳಿಸ್ತಾಳೆ ನೋಡು. ನಾನೂ ಹಂಗೇ ಇಳಿಸ್ಬೇಕು ಅಂತ ಇದ್ದೆ. ನಂಗೆ ಯಾವತ್ತೂ ಅಷ್ಟು ಬರ್ಲಿಲ್ಲ."

ಅಷ್ಟರಲ್ಲಿ ಅವರ ಎಳೆ ಹರಿಯಿತು. ಚಕ್ರ ನಿಂತಿತು. ಹಾಡೂ ನಿಂತಿತು, ಒಂದು ಪದದ ನಡುವೆ. ಬೇರೆ ಏಳು ಚಕ್ರಗಳು ತಿರುಗುತ್ತಲೇ ಇದ್ದವು. ರತ್ನಕ್ಕ ಬಗ್ಗಿ ತುದಿ ಹುಡುಕಿದರು. ಆಗ ಅವರಿಗೆ ಹೊರಗಿನ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಆ ಕೆಲಸ ಮಾಡುವವರಿಗೆ ಇದು ಗೊತ್ತು. ತುದಿ ಸಿಕ್ಕಿತು, ಹುಸೇನ್‌ಬೀ ಚಕ್ರ ತಿರುಗಿಸಿದರು, ಹಾಡು ಬಿಟ್ಟ ಅಕ್ಷರದಿಂದ ಮುಂದುವರಿಯಿತು. ಎರಡನೇ ಚರಣದಲ್ಲಿ ಇನ್ನೊಂದು ಸಲ ಎಳೆ ಹರಿಯಿತು. ಇನ್ನೊಂದು ಸಲ ಹಾಗೇ ಆಯಿತು. ಮೂರನೇ ಚರಕದ ಆ ದಿನದ ಪುಟದಲ್ಲಿ 10-22ಕ್ಕೆ ಒಂದು ಗೀಟು, 10-24ಕ್ಕೆ ಒಂದು ಗೀಟು ಇದೆ. ನನ್ನ ಕೈಬರಹವೇ. 10-26ಕ್ಕೆ ಹಾಡು ಮುಗಿಯಿತು.

ಆಗ ಗಫೂರ್ ಸಾಹೇಬರು ಅಂಗಳದಿಂದ ಬಾಗಿಲಿಗೆ ಬಂದು ನಗುತ್ತಾ, "ಏನ್ರೀ ರೈಟರ್, ರತ್ನಮ್ಮನ ಗಲಾ ವಾಪಸ್ ಬಂತಲ್ಲ! ನಮ್ಮ ಡಾಕ್ಟ್ರು ಗೆದ್ದುಬಿಟ್ಟರು!" ಎಂದರು. ಒಲೆಯ ಕಡೆ ಬಗ್ಗಿ ಸೌದೆ ಮುಂದಕ್ಕೆ ತಳ್ಳುತ್ತಿದ್ದ ರತ್ನಕ್ಕನಿಗೆ ಅದು ಕೇಳಿಸಲಿಲ್ಲ. ಹುಸೇನ್‌ಬೀ ಚಕ್ರ ಬಿಟ್ಟು ಓಡಿ ಹೋಗಿ, ಉರ್ದುವಿನಲ್ಲಿ ಏನೋ ಹೇಳಿ ಅವರನ್ನು ಹೊರಗೆ ಕರೆದುಕೊಂಡು ಹೋದರು. ಸಾಹೇಬರು ಆ ದಿನ ಮತ್ತೆ ಶೆಡ್ಡಿನೊಳಗೆ ಬರಲಿಲ್ಲ.

ಆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನು ಒಬ್ಬೊಬ್ಬರನ್ನೇ ಕೇಳಿದೆ. ಹದಿನೈದು ಹೆಂಗಸರೂ ಕೇಳಿದ್ದರು. ಹದಿನೈದು ಜನಕ್ಕೂ ಅದು ರತ್ನಕ್ಕನ ದನಿ. ಗುರುತು ಹಿಡಿಯದವರು ಒಬ್ಬರೇ, ರತ್ನಕ್ಕ. ಎಂಟನೇ ಚರಕದಲ್ಲಿ ಹೊಸಬರು ಯಾರೂ ಇರಲಿಲ್ಲ. ಅದು ರತ್ನಕ್ಕನದೇ ದನಿ ಎಂಬುದನ್ನು ಅವರಿಗೆ ಹೇಳುವುದು ಬೇಡವೆಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಯಾರೋ ದಾರಿಯಲ್ಲಿ ಹೋಗುವವಳು ಮಳೆಗೆ ನಿಂತು ಹಾಡಿ ಹೋದಳು ಎಂದು ರತ್ನಕ್ಕನಿಗೆ ಹೇಳಿದ್ದೂ ಆ ಹೆಂಗಸರೇ. ಅವರ ಮನಸ್ಸಿನಲ್ಲಿ ಇದ್ದದ್ದು ಒಳ್ಳೆಯದೇ.

ಎರಡು ದಿನ ಬಿಟ್ಟು ಗುರುವಾರ. ಬೆಳಗ್ಗೆ ಎಂಟಕ್ಕೆ ನಾನು ಶೆಡ್ಡಿಗೆ ಬಂದಾಗ ರತ್ನಕ್ಕ ಚರಕದ ಮುಂದೆ ಕೂತಿದ್ದರು. ಬಸ್ಸು ತಪ್ಪಿತೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. "ಹಾಡಿಗೆ ಬೇರೆ ಗಂಟಲು ಸಿಕ್ತಲ್ಲಪ್ಪ, ನಂದಕ್ಕಿಂತ ಒಳ್ಳೇದು" ಎಂದರು. "ಇನ್ನು ಈ ಸೂಜಿ ಯಾರಿಗೋಸ್ಕರ ಚುಚ್ಚಿಸ್ಕೊಳ್ಳಲಿ?" ಅವರ ಮುಖದಲ್ಲಿ ದುಃಖವಿರಲಿಲ್ಲ. ಹೊರೆ ಇಳಿಸಿದವರ ಹಾಗಿದ್ದರು. ಹುಸೇನ್‌ಬೀ ಬೈದರು, ಅತ್ತರು, ಕಂಡಕ್ಟರನ ಹೆಸರು ತೆಗೆದು ಮತ್ತೆ ನಗಿಸಲು ನೋಡಿದರು. ಆದರೆ ಆ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅದರ ಮುಂದಿನ ಗುರುವಾರವೂ ರತ್ನಕ್ಕ ಕೆಲಸಕ್ಕೆ ಬಂದರು.

ಆಗಸ್ಟ್ 30ರಂದು ನಾನೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಡಾಕ್ಟರನ್ನು ಕಂಡೆ. ಗಡ್ಡೆ ಕರಗುತ್ತಿತ್ತು, ಈಗ ಬಿಟ್ಟರೆ ಮೊದಲಿಗಿಂತ ಬೇಗ ಬೆಳೆಯುತ್ತದೆ, ಹೇಗಾದರೂ ಮಾಡಿ ಕರೆದುಕೊಂಡು ಬನ್ನಿ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ನಂಬದಿದ್ದ ಒಂದು ಮಾತಿಗೆ ಹೆದರಿ ಎರಡು ವಾರ ಕಳೆದಿದ್ದೆ.

ಸೆಪ್ಟೆಂಬರ್ 2, ಭಾನುವಾರ, ಅವರ ಮನೆಗೆ ಹೋದೆ. ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಳು ಆರಿಸುತ್ತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ಗೀಟಿನ ಪುಸ್ತಕವನ್ನೂ ತೆಗೆದುಕೊಂಡು ಹೋಗಿದ್ದೆ. ಅವರಿಗೆ ಓದು ಬರುತ್ತಿರಲಿಲ್ಲ. ಗೀಟುಗಳನ್ನು ಬೆರಳಿಟ್ಟು ತೋರಿಸಿದೆ. ಇಲ್ಲಿ ನಿಮ್ಮ ಎಳೆ ಹರಿಯಿತು, ಇಲ್ಲಿ ಹಾಡು ನಿಂತಿತು ಎಂದೆ.

ಅವರು ದನಿಯಿಲ್ಲದೆ ನಕ್ಕರು. "ನನ್ ದನಿ ನಂಗ್ ಗೊತ್ತಿಲ್ವೇನಪ್ಪ? ಇಷ್ಟು ವರ್ಷ ಈ ಗಂಟಲಲ್ಲೇ ಇತ್ತಲ್ಲ."

"ಹುಸೇನ್‌ಬೀನ ಕೇಳಿ ಅಕ್ಕ. ಸಾಹೇಬ್ರನ್ನ ಕೇಳಿ."

"ಹುಸೇನ್‌ಬೀ ನನ್ನ ಬಸ್ ಹತ್ಸೋಕೆ ಏನ್ ಬೇಕಾದ್ರೂ ಹೇಳ್ತಾಳೆ. ನೀನೂ ಅವ್ಳ ಜೊತೆ ಸೇರ್ಕೊಂಡ್ಯಾ? ನಂದು ಒರಟು ದನಿ ಕಣಪ್ಪ, ಒಳಗೆ ಗರಗರ ಅಂತಿತ್ತು. ಅದು ಹಂಗಿರ್ಲಿಲ್ಲ. ನೀರು ಹರಿದಂಗಿತ್ತು."

ಅವರಿಗೆ ಕೇಳಿಸುತ್ತಿದ್ದದ್ದು ಒಳಗಿನಿಂದ, ನಮಗೆ ಹೊರಗಿನಿಂದ. ತನ್ನ ದನಿ ಬೇರೆಯವರಿಗೆ ಹೇಗೆ ಕೇಳುತ್ತದೆ ಎಂದು ತಿಳಿಯದೆಯೇ ಅವರು ಇಷ್ಟು ವರ್ಷ ಹಾಡಿದ್ದರು. ತಿಳಿಸಿಕೊಡಲು ನಮ್ಮಲ್ಲಿ ಯಾವ ಯಂತ್ರವೂ ಇರಲಿಲ್ಲ, ಇದ್ದಿದ್ದರೂ ತುಂಬಿಸಲು ಆಗ ದನಿಯೇ ಇರಲಿಲ್ಲ. ಆ ದಿನವೇ, ಹಾಡು ನಡೆಯುತ್ತಿದ್ದಾಗಲೇ, ಹದಿನಾರು ಜನ ಒಟ್ಟಿಗೆ "ಇದು ನಿನ್ನದು" ಎಂದಿದ್ದರೆ ನಂಬುತ್ತಿದ್ದರೋ ಏನೋ. ಹತ್ತೊಂಬತ್ತು ದಿನ ಕಳೆದ ಮೇಲೆ ಒಬ್ಬನ ಮಾತನ್ನು ಅವರು ಯಾಕೆ ನಂಬಬೇಕು?

ಆಮೇಲೆ ನಾನು ವಿಚಾರಿಸಿದ್ದನ್ನೂ ಹೇಳಿಬಿಡುತ್ತೇನೆ. ಟೆಂಟ್ ಸಿನಿಮಾ ಮಳೆಗಾಲಕ್ಕೆಂದು ಜೂನಿನಲ್ಲೇ ಊರು ಬಿಟ್ಟಿತ್ತು. ಊರಿನಲ್ಲಿದ್ದ ಎರಡು ಮೈಕ್ ಸೆಟ್ಟುಗಳೂ ಆ ದಿನ ಚಿಂತಾಮಣಿಯ ಮದುವೆಗಳಿಗೆ ಹೋಗಿದ್ದವು. ಅಲೀಪುರದಲ್ಲಿ ಒಬ್ಬರ ಬಳಿ ದನಿ ತುಂಬಿಸುವ ಟೇಪ್ ಯಂತ್ರ ಇದೆ ಎಂದು ಕೇಳಿ ಅಲ್ಲಿಗೂ ಹೋದೆ. ಅವರು ಅದನ್ನು ತಂದದ್ದು ಆ ಸಂಗತಿ ನಡೆದ ಎರಡು ವರ್ಷದ ನಂತರ. ಶೆಡ್ಡಿನ ಹೆಂಗಸರಲ್ಲಿ ನಾಲ್ವರು ನನ್ನ ಬಲವಂತಕ್ಕೆ ಆ ಹಾಡು ಹಾಡಿ ತೋರಿಸಿದರು. ನಾಲ್ವರೂ ರೆಕಾರ್ಡಿನಂತೆ 'ನಿಲ್ಲು' ಎನ್ನುವ ಕಡೆ ಮೇಲಕ್ಕೆ ಹೋದರು. ರತ್ನಕ್ಕನ ಹಾಗೆ ಇಳಿಸಲು ಯಾರಿಗೂ ಬರಲಿಲ್ಲ. ಇಷ್ಟೆಲ್ಲ ಆದರೂ, ಎಳೆಯ ಜೊತೆಗೆ ಹಾಡು ನಿಂತದ್ದು ಹೇಗೆ ಎಂಬುದಕ್ಕೆ ಎಲ್ಲಿಯೂ ಉತ್ತರವಿಲ್ಲ.

ಡಿಸೆಂಬರಿನಲ್ಲಿ ರತ್ನಕ್ಕ ಕೆಲಸ ಬಿಟ್ಟರು. 1963ರ ಜನವರಿ 13ರಂದು ಹುಸೇನ್‌ಬೀಯ ಜೊತೆ ಅವರನ್ನು ನೋಡಲು ಹೋಗಿದ್ದೆ. ಗಂಜಿಯೂ ಇಳಿಯುತ್ತಿರಲಿಲ್ಲ. ಹುಸೇನ್‌ಬೀ ಅವರ ಕಾಲು ಒತ್ತುತ್ತಾ ಕೂತರು. ಎಂದಿನಂತೆ ರೇಗಿಸಲು ಹೋಗಿ ಆಗದೆ ಹೊದಿಕೆ ಸರಿಮಾಡಿದರು. ರತ್ನಕ್ಕ ನನ್ನ ಕಿವಿಯನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು: "ಸಿಕ್ಕಿದ್ಳಾ ಅವ್ಳು?"

ಇಲ್ಲ ಎಂದೆ.

"ಸಿಕ್ಕಿದ್ರೆ ಒಂದು ಮಾತು ಹೇಳು. ಎರಡನೇ ಚರಣದಾಗೆ ಉಸಿರು ಬೇಗ ತಗೊಂಡುಬಿಡ್ತಾಳೆ. ಗಾಡಿ ಮರೆಯಾಗೋವರ್ಗೂ ತಾಳ್ಕೋಬೇಕು. ಅಷ್ಟು ತಿದ್ಕೊಂಡ್ರೆ ಅವ್ಳನ್ನ ಮೀರ್ಸೋರು ಯಾರೂ ಇರಲ್ಲ ಅನ್ನು."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಜನವರಿ 22, ಮಂಗಳವಾರ, ಬೆಳಗ್ಗೆ ಅವರು ತೀರಿಹೋದರು. ಹುಸೇನ್‌ಬೀ ಆ ವರ್ಷವೇ ಕೆಲಸ ಬಿಟ್ಟರು. ಮೂರನೇ ಚರಕದಲ್ಲಿ ಈಗ ಬೇರೆಯವರಿದ್ದಾರೆ. ರೆಕಾರ್ಡಿನ ಆ ಹಾಡನ್ನು ಜನ ಇನ್ನೂ ಮರೆತಿಲ್ಲ; ಮದುವೆಗಳಲ್ಲಿ ಹಾಕುತ್ತಾರೆ. ಅದನ್ನು ಕೇಳಿ ಕೇಳಿ ನನಗೊಂದು ನಷ್ಟವಾಗಿದೆ. ಈಗ ಕಣ್ಣು ಮುಚ್ಚಿ ಕೂತು ರತ್ನಕ್ಕನದನ್ನು ನೆನೆಸಿಕೊಳ್ಳಲು ಹೋದರೆ ರೆಕಾರ್ಡಿನ ದನಿಯೇ ಬರುತ್ತದೆ. ಎಷ್ಟು ಸಲ ಕೇಳಿದೆ, ಯಾವಾಗ ಕೇಳಿದೆ ಎಂಬುದೆಲ್ಲ ನನ್ನ ಪುಸ್ತಕದಲ್ಲಿದೆ. ಹೇಗಿತ್ತು ಎಂಬುದು ಇಲ್ಲ.

ಆ ಮಂಗಳವಾರ ಬೆಳಗ್ಗೆ ಶಿಡ್ಲಘಟ್ಟದಲ್ಲಿ ಮಳೆಗೆ ನಿಂತು ಹಾಡಿದ ಹೆಂಗಸು ಯಾರಾದರೂ ನಿಜವಾಗಿಯೂ ಇದ್ದರೆ, ಅಥವಾ ಅಂಥವರನ್ನು ಬಲ್ಲವರು ಇದನ್ನು ಓದಿದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಇಂಥವರು ಇಲ್ಲವೆಂದು ನನಗೆ ಗೊತ್ತು. ಆದರೆ ಅವರಿಗೆ ತಲುಪಿಸುತ್ತೇನೆಂದು ಒಪ್ಪಿಕೊಂಡ ಒಂದು ತಿದ್ದುಪಡಿ ನನ್ನ ಬಳಿ ಉಳಿದುಬಿಟ್ಟಿದೆ.